ಟೆರಾಕೋಟಾ ಸೈನಿಕರ ಬಣ್ಣ ಅಗೆದ ಕೂಡಲೇ ಉದುರುವುದು ಯಾಕೆ? ತಡೆಯೋಕೆ ದಾರಿ ಇಲ್ವಾ?

ಕೆಮ್ಮಣ್ಣು:
ಚೀನಾದ ಶಿಯಾನ್ ಹತ್ತಿರ, ಮೊದಲ ಚಕ್ರವರ್ತಿ ಕ್ವಿನ್ ಶಿ ಹುವಾಂಗ್‌ನ ಗೋರಿಯ ಬಳಿ ಸಿಕ್ಕ ಮಣ್ಣಿನ ಸೈನ್ಯದ ಬಗ್ಗೆ ಎಲ್ಲಿ ನೋಡಿದರೂ ಒಂದೇ ಸಾಲು: "ಹೊರಗೆ ಬಂದಾಗ ಬಣ್ಣಬಣ್ಣವಾಗಿತ್ತು, ಗಾಳಿ ತಾಗಿ ನಾಲ್ಕೇ ನಿಮಿಷದಲ್ಲಿ ಹೋಯ್ತು." ಗಾಳಿ ತಾಗಿದರೆ ಬಣ್ಣ ಯಾಕೆ ಹೋಗಬೇಕು? ಬಳಸಿದ್ದು ಸಿನಬಾರ್, ಮ್ಯಾಲಕೈಟ್, ಅಜುರೈಟ್. ಎಲ್ಲವೂ ಖನಿಜದ ಪುಡಿ, ಹೂವಿನ ರಸ ಅಲ್ಲ. ಎರಡು ಸಾವಿರ ವರ್ಷ ಮಣ್ಣಲ್ಲಿ ತಡೆದದ್ದು ನಾಲ್ಕು ನಿಮಿಷಕ್ಕೆ ಸೋಲುತ್ತೆ ಅಂದರೆ ನಂಬೋದು ಕಷ್ಟ. ಆಕ್ಸಿಡೇಷನ್ನಾ? ಬೆಳಕಾ?
ಸಿಕ್ಕಿದ್ದು 1974ರಲ್ಲಿ. ಐವತ್ತು ವರ್ಷ ಆದಮೇಲೂ ಪರಿಹಾರ ಇಲ್ಲವೇ, ಅಥವಾ ಇದ್ದೂ ಮಾಡ್ತಿಲ್ಲವೇ? ಗೊತ್ತಿರುವವರು ಬಿಡಿಸಿ ಬರೀರಿ.

ಲೇಪಶಾಸ್ತ್ರ:
ಆಕ್ಸಿಡೇಷನ್ ಅಲ್ಲ, ಬೆಳಕೂ ಅಲ್ಲ. ಬಣ್ಣ ಮಾಸುತ್ತಿಲ್ಲ. ಬಣ್ಣ ಕೂತಿರುವ ಪದರವೇ ಮಣ್ಣಿನಿಂದ ಎದ್ದು ಬರುತ್ತೆ, ಬಣ್ಣ ಅದರ ಬೆನ್ನ ಮೇಲೆ ಹೋಗುತ್ತೆ.
ಒಳಗಿಂದ ಹೊರಕ್ಕೆ ಪದರ ಹೀಗಿದೆ: ಮೊದಲು ಸುಟ್ಟ ಮಣ್ಣು. ಅದರ ಮೇಲೆ ಒಂದೋ ಎರಡೋ ಕೋಟು ಚೀನೀ ಲ್ಯಾಕರ್ ಎಂಬ ಲೇಪ, ಕಡು ಕಂದು ಬಣ್ಣದ್ದು, ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತೆಳು. ಅದರ ಮೇಲೆ ಬಣ್ಣ. ಬಟ್ಟೆಯ ಭಾಗದಲ್ಲಿ ಬಣ್ಣ ದಪ್ಪ, ಮುಖ ಮತ್ತು ಕೈಗೆ ಗುಲಾಬಿ ಛಾಯೆ ಎರಡು ಸಲ ಬಳಿದದ್ದೂ ಉಂಟು. ಕವಚದ ಪಟ್ಟಿಗಳಿಗೆ ಬಹಳ ಕಡೆ ಬೇರೆ ಬಣ್ಣವೇ ಇಲ್ಲ, ಲ್ಯಾಕರಿನ ಕಂದನ್ನೇ ಹಾಗೇ ಬಿಟ್ಟು ಪಟ್ಟಿ ಕಟ್ಟಿದ ದಾರಕ್ಕೆ ಮಾತ್ರ ಕೆಂಪು ಹಚ್ಚಿದ್ದಾರೆ.
ತೊಂದರೆ ಇರೋದು ಆ ಲ್ಯಾಕರಿನಲ್ಲಿ. ಎರಡು ಸಾವಿರ ವರ್ಷ ತೇವದ ಮಣ್ಣಲ್ಲಿ ಕೂತು ಅದರ ಸೂಕ್ಷ್ಮ ರಂಧ್ರಗಳಲ್ಲೆಲ್ಲ ನೀರು ತುಂಬಿಕೊಂಡಿದೆ. ಶಿಯಾನ್‌ನ ಒಣ ಗಾಳಿಗೆ ತೆರೆದ ತಕ್ಷಣ ನೀರು ಆವಿಯಾಗುತ್ತೆ. ರಂಧ್ರದಲ್ಲಿ ಉಳಿದ ನೀರು ಗೋಡೆಗಳನ್ನು ಒಳಕ್ಕೆ ಎಳೆಯುತ್ತೆ, ಪದರ ಕುಗ್ಗುತ್ತೆ. ಕೆಳಗಿನ ಸುಟ್ಟ ಮಣ್ಣು ಕುಗ್ಗಲ್ಲ. ಇವೆರಡರ ನಡುವಿನ ಹಿಡಿತ ಮೊದಲೇ ಸಡಿಲ. ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಅಂಚು ಮೇಲೇಳುತ್ತೆ, ಸುರುಳಿ ಸುತ್ತುತ್ತೆ, ಬೀಳುತ್ತೆ. 15 ಸೆಕೆಂಡಿಗೆ ಸುರುಳಿ ಶುರು, ನಾಲ್ಕು ನಿಮಿಷಕ್ಕೆ ಉದುರುವಿಕೆ ಅಂತ ವರದಿಯಾಗಿರೋದು ಇದೇ ಕ್ರಿಯೆಗೆ. ಉತ್ಪ್ರೇಕ್ಷೆ ಅಲ್ಲ.
ಇನ್ನೊಂದು ವಿಷಯ. ಒಮ್ಮೆ ಒಣಗಿ ಸುರುಳಿಯಾದ ಲ್ಯಾಕರಿಗೆ ಮತ್ತೆ ನೀರು ಕೊಟ್ಟರೆ ಹಿಂದಿನ ಆಕಾರಕ್ಕೆ ಬರಲ್ಲ. ಹಾಗಾಗಿ ಕೆಲಸ ನಡೆಯಬೇಕಾದ್ದು ಒಣಗುವ ಮೊದಲೇ.

ಧಾರವಾಡದಾಂವ:
ಛಲೋ ಬರದೀರಿ ಸರ. ಆದ್ರ "ಎಲ್ಲಾ ಬಣ್ಣ ಗಾಳಿಗೆ ಹೋತು" ಅನ್ನೋದೂ ಖರೆ ಅಲ್ಲ. ಮೂರ್ತಿ ನಿಲ್ಲಿಸಿದ ಗುಂಡಿಗಳೊಳಗ ಒಂದನೇದು ಪೂರಾ ಬೆಂಕಿ ಬಿದ್ದು ಸುಟ್ಟೈತಿ, ಎರಡನೇದು ಅರ್ಧಮರ್ಧ. ಛಾವಣಿಗೆ ಮರದ ತೊಲಿ, ಅದರ ಮ್ಯಾಲೆ ಚಾಪಿ, ಅದರ ಮ್ಯಾಲೆ ಮಣ್ಣು. ತೊಲಿ ಸುಟ್ಟು ಕುಸಿದು ಮೂರ್ತಿಗಳ ಮ್ಯಾಲೆ ಬಿದ್ದಾವು. ಕ್ರಿ.ಪೂ. 206ರಾಗ ಕ್ವಿನ್ ವಂಶದ ವಿರುದ್ಧ ಬಂಡೆದ್ದ ಶಿಯಾಂಗ್ ಯೂನ ಸೈನ್ಯ ಬಂದಾಗ ಹಚ್ಚಿದ ಬೆಂಕಿ ಅಂತ ಬಹಳ ಮಂದಿ ಹೇಳ್ತಾರ. ಸುಟ್ಟ ಜಾಗದಾಗ ಲ್ಯಾಕರ್ ಅವತ್ತ ಹೋಗೇತಿ. ಅದಕ್ಕ ಈಗಿನ ಅಗೆಯೋರನ್ನ ಯಾಕ ಬೈಬೇಕು?

ಕೆಮ್ಮಣ್ಣು:
ಬೈತಿಲ್ಲ ಸಾರ್, ಕೇಳ್ತಿದೀನಿ. ಸುಡದ ಜಾಗದಲ್ಲಿ ಎಷ್ಟು ಉಳಿದಿತ್ತು ಅನ್ನೋದಕ್ಕೆ ಉದಾಹರಣೆ ಇದೆಯಾ?

ಲೇಪಶಾಸ್ತ್ರ:
ಎರಡನೇ ಗುಂಡಿಯ ಮಂಡಿಯೂರಿದ ಬಿಲ್ಲುಗಾರರನ್ನು ನೋಡಿ. ನಿಂತ ಸೈನಿಕನ ಎತ್ತರ 1.75 ಮೀಟರ್‌ನಿಂದ 2 ಮೀಟರ್ ತನಕ. ಇವರದು ಸುಮಾರು 1.2 ಮೀಟರ್. ಛಾವಣಿ ಕುಸಿದಾಗ ಎತ್ತರದವರು ಮೊದಲು ಪೆಟ್ಟು ತಿಂದು ಚೂರಾದರು, ಕೂತವರು ಬಹುಪಾಲು ಇಡಿಯಾಗಿ ಉಳಿದರು, ಬಣ್ಣವೂ ಹೆಚ್ಚು ಉಳಿಯಿತು. ಅವರಲ್ಲಿ ಒಬ್ಬನ ಮುಖ ಪೂರ್ತಿ ಹಸಿರು. ಕೂದಲು ಕಪ್ಪು, ಕಣ್ಣುಗುಡ್ಡೆ ಕಪ್ಪು, ಹುಬ್ಬು ಮೀಸೆ ಎಲ್ಲ ಬಿಡಿಸಿದ್ದು, ಚರ್ಮ ಮಾತ್ರ ಹಸಿರು. ಯಾಕೆ ಅಂತ ಒಪ್ಪಿತವಾದ ವಿವರಣೆ ಇಲ್ಲ. ಇನ್ನೊಬ್ಬನ ಪಾದದ ಕೆಳಗೆ ಚಪ್ಪಲಿಯ ಅಟ್ಟೆಯ ಹೊಲಿಗೆ ಚುಕ್ಕಿಗಳನ್ನೂ ಕೆತ್ತಿದ್ದಾರೆ. ಮುಂದೆ ಒತ್ತಾಗಿ, ನಡುವೆ ವಿರಳವಾಗಿ, ಹಿಮ್ಮಡಿಯಲ್ಲಿ ಮತ್ತೆ ಒತ್ತಾಗಿ.

ಕರಾವಳಿ_ಕಣ್ಣು:
ಲ್ಯಾಕರ್ ಅಂದ್ರೆ ಅರಗು ಅಲ್ವಾ ಮಾರಾಯ್ರೆ? ಚನ್ನಪಟ್ಟಣದ ಗೊಂಬೆಗೆ ಹಾಕ್ತಾರಲ್ಲ ಅದೇ. ಅದು ನೂರಾರು ವರ್ಷ ಮರದ ಮೇಲೆ ಗಟ್ಟಿ ಕೂತಿರ್ತದೆ.

ಹಳೇಬೇರು:
ಅಲ್ಲ. ಎರಡೂ ಪೂರ್ತಿ ಬೇರೆ ವಸ್ತು. ಇದನ್ನು ಬೆರೆಸಿಕೊಂಡರೆ ಮುಂದಿನ ಚರ್ಚೆಯೆಲ್ಲ ತಪ್ಪುತ್ತೆ.
ಅರಗು ಕೀಟದಿಂದ ಬರುವ ರಾಳ. ಬಿಸಿಗೆ ಮೆತ್ತಗಾಗುತ್ತೆ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡು ಚರಕಿಯಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಹತ್ತುತ್ತೆ. ಸ್ಪಿರಿಟ್ಟಿನಲ್ಲೂ ಕರಗುತ್ತೆ.
ಚೀನೀ ಲ್ಯಾಕರ್ ಮರದ ಸೊನೆ. ಆ ಮರ ಮಾವು ಮತ್ತು ಗೇರಿನ ಕುಟುಂಬದ್ದು. ಮಾವಿನ ಸೊನೆ ತಾಗಿ ತುಟಿ ಸುಡುತ್ತಲ್ಲ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ತಾಗಿದರೆ ಚರ್ಮ ಬೊಬ್ಬೆ ಬರುತ್ತಲ್ಲ, ಅದೇ ಬಗೆಯ ರಾಸಾಯನಿಕ ಇದರಲ್ಲೂ ಇದೆ, ಉರುಶಿಯಾಲ್ ಅಂತ. ಸೊನೆಯಲ್ಲೇ ಲ್ಯಾಕೇಸ್ ಎಂಬ ಕಿಣ್ವವೂ ಇರುತ್ತೆ. ಗಾಳಿಯ ಆಮ್ಲಜನಕ ಮತ್ತು ತೇವ ಸಿಕ್ಕಾಗ ಆ ಕಿಣ್ವ ಕೆಲಸ ಮಾಡಿ ಸೊನೆ ಗಟ್ಟಿಯಾಗುತ್ತೆ. ತೇವಾಂಶ 70ರಿಂದ 80 ಶೇಕಡ ಇದ್ದರೆ ಚೆನ್ನಾಗಿ ಗಟ್ಟಿಯಾಗುತ್ತೆ, ಒಣ ಕೋಣೆಯಲ್ಲಿ ಅಂಟಂಟಾಗೇ ಉಳಿಯುತ್ತೆ. ಒಮ್ಮೆ ಗಟ್ಟಿಯಾದರೆ ಸ್ಪಿರಿಟ್, ಅಸಿಟೋನ್ ಯಾವುದಕ್ಕೂ ಕರಗಲ್ಲ, ಬಿಸಿಗೂ ಮೆತ್ತಗಾಗಲ್ಲ. ಅಂದರೆ ಉದುರುತ್ತಿರುವ ಪದರವನ್ನು ಬಿಸಿ ಮಾಡಿ ಮತ್ತೆ ಅಂಟಿಸೋಣ ಅನ್ನೋ ದಾರಿ ಮುಚ್ಚಿದೆ.

ಕರಾವಳಿ_ಕಣ್ಣು:
ಓ, ಹಾಗೆ. ಗೇರು ಸಿಪ್ಪೆಯ ಎಣ್ಣೆ ದೋಣಿಗೆ ಹಚ್ಚುವುದೂ ಇದೇ ಲೆಕ್ಕದಲ್ಲಾ?

ಹಳೇಬೇರು:
ಹತ್ತಿರದ ಸಂಬಂಧ. ಅದೂ ಫೀನಾಲ್ ಗುಂಪಿನದು, ಉದ್ದ ಬಾಲದ ಅಣು, ಗಾಳಿಗೆ ನಿಧಾನವಾಗಿ ಗಟ್ಟಿಯಾಗುತ್ತೆ. ಲ್ಯಾಕೇಸ್ ಮಾತ್ರ ಅದರಲ್ಲಿ ಕೆಲಸ ಮಾಡಲ್ಲ.

ಬೆಳ್ಳಿಚುಕ್ಕಿ:
ಸರಿ, ಕಾರಣ ಗೊತ್ತಾಯ್ತು. ಈಗ ಪರಿಹಾರ ಹೇಳಿ. ನೆಲದಲ್ಲಿ ಬಣ್ಣ ಕಾಣಿಸಿತು ಅಂದುಕೊಳ್ಳಿ. ಮೊದಲು ಏನು ಮಾಡ್ತಾರೆ, ಆಮೇಲೆ ಏನು?

ಲೇಪಶಾಸ್ತ್ರ:
ಜರ್ಮನಿಯ ಬವೇರಿಯಾ ರಾಜ್ಯದ ಸ್ಮಾರಕ ಸಂರಕ್ಷಣಾ ಇಲಾಖೆ ಮತ್ತು ಸೈನಿಕರು ಸಿಕ್ಕ ಲಿಂಟಾಂಗ್‌ನ ಮ್ಯೂಸಿಯಂ ಒಟ್ಟಿಗೆ ಕೂತು 1990ರ ದಶಕದಲ್ಲಿ ರೂಪಿಸಿದ ಎರಡು ವಿಧಾನಗಳಿವೆ. ಮೊದಲನೆಯದನ್ನು ಹಂತವಾಗಿ ಹೇಳ್ತೀನಿ.

ಬಣ್ಣದ ಸುಳಿವು ಸಿಕ್ಕ ಕೂಡಲೇ ಲೋಹದ ಕರಣೆ ಪಕ್ಕಕ್ಕೆ. ಬಿದಿರಿನ ಕಡ್ಡಿ, ಮೆತ್ತನೆ ಬ್ರಷ್ ಮಾತ್ರ. ಬಣ್ಣದ ಮೇಲೆ ತೆಳುವಾಗಿ ಮಣ್ಣನ್ನು ಬೇಕೆಂದೇ ಬಿಡಬೇಕು, ಆ ಮಣ್ಣೇ ತೇವ ಕಾಪಾಡುತ್ತೆ. ಶುದ್ಧೀಕರಿಸಿದ ನೀರನ್ನು ಮಂಜಿನ ಹಾಗೆ ಸಿಂಪಡಿಸಿ ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಆಮೇಲೆ ಅಂಗೈ ಅಗಲದಷ್ಟು ಜಾಗ ತೆರೆದು, ಸ್ಕಾಲ್‌ಪೆಲ್ ಮತ್ತು ಒದ್ದೆ ಹತ್ತಿಯಿಂದ ಮಣ್ಣು ತೆಗೆದು, ಮುಚ್ಚಿ, ಪಕ್ಕದ ಜಾಗಕ್ಕೆ ಹೋಗಬೇಕು. ಮಣ್ಣು ಪೂರ್ತಿ ತೆಗೆಯದೆ ಔಷಧಿ ಹಾಕಿದರೆ ಆ ಮಣ್ಣೂ ಬಣ್ಣದ ಜೊತೆ ಅಂಟಿಬಿಡುತ್ತೆ, ಆಮೇಲೆ ತೆಗೆಯಹೋದರೆ ಬಣ್ಣವೂ ಬರುತ್ತೆ. ಅವಸರದ ತಪ್ಪುಗಳಲ್ಲಿ ಇದೇ ದೊಡ್ಡದು.

ಮುಂದಿನದು ಪಾಲಿಇಥಿಲೀನ್ ಗ್ಲೈಕಾಲ್, ಅಂದರೆ ಪಿಇಜಿ 200. ಮೊದಲು 30 ಶೇಕಡ ದ್ರಾವಣ, ಆಮೇಲೆ 60, ಆಮೇಲೆ 80. ಹತ್ತಿಯ ಅಥವಾ ಕಾಗದದ ಪಟ್ಟಿಯನ್ನು ಅದರಲ್ಲಿ ನೆನೆಸಿ ಮೇಲ್ಮೈಗೆ ಹೊಂದಿಸಿ, ಮೇಲೆ ಪ್ಲಾಸ್ಟಿಕ್ ಮುಚ್ಚೋದು. ಜೊತೆಗೆ ಪಾಲಿಯೂರಿಥೇನ್ ಎಮಲ್ಷನ್ ಸೇರಿಸ್ತಾರೆ. ಪಿಇಜಿ ಲ್ಯಾಕರಿನೊಳಗಿನ ನೀರಿನ ಜಾಗ ಹಿಡಿದು ಆವಿಯಾಗದೆ ಅಲ್ಲೇ ಕೂರುತ್ತೆ, ಪದರ ಕುಗ್ಗಲ್ಲ. ಪಾಲಿಯೂರಿಥೇನ್ ಪದರದ ಅಡಿಗೆ ಇಳಿದು ಮಣ್ಣಿಗೆ ಅಂಟಿಸುತ್ತೆ.

ನೇರವಾಗಿ 80 ಹಾಕಬಾರದು. ಗಾಢ ದ್ರಾವಣ ಒಳಗಿನ ನೀರನ್ನು ಎಳೆದುಕೊಳ್ಳುವ ವೇಗ, ಪಿಇಜಿ ಒಳಗೆ ಇಳಿಯುವ ವೇಗಕ್ಕಿಂತ ಜಾಸ್ತಿ. ಒಣಗುವುದನ್ನು ತಡೆಯಹೋಗಿ ನಾವೇ ಒಣಗಿಸಿದ ಹಾಗಾಗುತ್ತೆ.

ತಾಮ್ರಪಟ:
ಪಿಇಜಿ ಅಂದ ಕೂಡಲೇ ಮುಳುಗಿದ್ದ ಸ್ವೀಡನ್ನಿನ ವಾಸಾ ಹಡಗು ನೆನಪಾಗುತ್ತೆ. 1961ರಲ್ಲಿ ಮೇಲೆತ್ತಿ, 1962ರಿಂದ 1979ರ ತನಕ ಪಿಇಜಿ ಸಿಂಪಡಿಸಿದರು. ಆಮೇಲೆ ಮರದೊಳಗೆ ಗಂಧಕದ ಆಮ್ಲ ಹುಟ್ಟಿ ತಲೆನೋವಾಯ್ತು. ಇಲ್ಲೂ ಹಾಗೇ ಆಗಲ್ಲ ಅಂತ ಹೇಗೆ ಹೇಳ್ತೀರಿ?

ಲೇಪಶಾಸ್ತ್ರ:
ವಾಸಾದ ಆಮ್ಲಕ್ಕೆ ಮೂಲ ಬಂದರಿನ ಕೊಳಕು ನೀರಿನಿಂದ ಮರಕ್ಕೆ ಸೇರಿದ ಗಂಧಕ, ಜೊತೆಗೆ ತುಕ್ಕು ಹಿಡಿದ ಕಬ್ಬಿಣದ ಬೋಲ್ಟುಗಳು. ಇಲ್ಲಿ ಆ ಎರಡೂ ಇಲ್ಲ. ಅಲ್ಲಿ ಬಳಸಿದ್ದು ಇನ್ನೂ ದೊಡ್ಡ ಅಣುವಿನ ಪಿಇಜಿ, ದಪ್ಪ ಓಕ್ ಮರಕ್ಕೆ ಹೊಂದುವಂಥದ್ದು. ಇಲ್ಲಿ ಕೂದಲೆಳೆಗಿಂತ ತೆಳು ಪದರದೊಳಗೆ ಇಳಿಯಬೇಕು, ಹಾಗಾಗಿ ಕೋಣೆಯ ಉಷ್ಣತೆಯಲ್ಲೇ ದ್ರವವಾಗಿರುವ 200.
ಪಿಇಜಿಯ ನಿಜವಾದ ಕೊರತೆ ಬೇರೆ. ಅದು ಗಾಳಿಯ ತೇವ ಹೀರುತ್ತೆ. ಮಳೆಗಾಲದಲ್ಲಿ ಮೇಲ್ಮೈ ಜಿಗುಟಾಗಿ ದೂಳು ಹಿಡಿಯುತ್ತೆ. ಜಾಸ್ತಿ ಉಳಿದರೆ ಬಣ್ಣ ಒದ್ದೆಯಾದ ಹಾಗೆ ಗಾಢವಾಗಿ, ಹೊಳಪಾಗಿ ಕಾಣುತ್ತೆ. ಕೊನೆಯಲ್ಲಿ ಮೇಲ್ಮೈಯ ಹೆಚ್ಚುವರಿಯನ್ನು ಒದ್ದೆ ಹತ್ತಿಯಿಂದ ಒತ್ತಿ ತೆಗೆಯಬೇಕು, ಉಜ್ಜಬಾರದು.

ನೀಲಿ910:
ಎರಡನೇ ವಿಧಾನ ಎಲೆಕ್ಟ್ರಾನ್ ಕಿರಣದ್ದು, ನನಗೆ ಅದೇ ಹೆಚ್ಚು ಚೆಂದ. ಹೆಮಾ ಅನ್ನೋ ಮೋನೋಮರ್, ಅಕ್ರಿಲಿಕ್ ಪ್ಲಾಸ್ಟಿಕ್‌ನ ಬಿಡಿ ಅಣು. ನೀರಿನಲ್ಲಿ ಬೆರೆಯುತ್ತೆ, ಹಾಗಾಗಿ ಒದ್ದೆ ಲ್ಯಾಕರಿನೊಳಗೆ ಸುಲಭವಾಗಿ ಇಳಿಯುತ್ತೆ. ಗಾಢತೆ ಹಂತ ಹಂತವಾಗಿ ಏರಿಸಿ, ಚೂರನ್ನು ಎಲೆಕ್ಟ್ರಾನ್ ಕಿರಣಕ್ಕೆ ಒಡ್ಡಿದರೆ ಒಳಗೇ ಪಾಲಿಮರ್ ಆಗಿ ಗಟ್ಟಿಯಾಗುತ್ತೆ. ಮಳೆಗಾಲ ಬೇಸಿಗೆ ಅಂತ ವ್ಯತ್ಯಾಸವಾಗಲ್ಲ. ಎಲೆಕ್ಟ್ರಾನುಗಳು ಮೇಲಿನ ಕೆಲವೇ ಮಿಲಿಮೀಟರ್ ಇಳಿಯುತ್ತವೆ, ಒಳಗಿನ ಮಣ್ಣಿಗೆ ಏನೂ ಆಗಲ್ಲ.

ಲೇಪಶಾಸ್ತ್ರ:
ಚೆಂದ ಇರಬಹುದು, ಆದರೆ ಬಿಚ್ಚೋಕೆ ಬರಲ್ಲ. ಹಾಗೆ ಗಟ್ಟಿಯಾದ ಅಕ್ರಿಲಿಕ್ಕನ್ನು ಯಾವ ದ್ರಾವಕದಿಂದಲೂ ಹೊರತೆಗೆಯಲಾಗದು. ನಾಳೆ ಇದಕ್ಕಿಂತ ಒಳ್ಳೆಯದು ಬಂದರೆ? ಜೊತೆಗೆ ಯಂತ್ರದೊಳಗೆ ಹಿಡಿಸುವಷ್ಟು ಚಿಕ್ಕ ಚೂರುಗಳಿಗೆ ಮಾತ್ರ ಆಗುತ್ತೆ, ಇಡೀ ಮೂರ್ತಿಗೆ ಅಲ್ಲ.

ನೀಲಿ910:
ಬಿಚ್ಚಬಹುದಾದ ವಿಧಾನವೇ ಬೇಕು ಅಂತ ಹಟ ಹಿಡಿಯೋದು ಇಲ್ಲಿ ನಡೆಯಲ್ಲ. ಪಿಇಜಿ ಜೊತೆ ಹಾಕೋ ಪಾಲಿಯೂರಿಥೇನನ್ನು ನೀವು ಬಿಚ್ಚಬಲ್ಲಿರಾ? ಲ್ಯಾಕರಿಗೆ ಹಾನಿಯಾಗದೆ ಅದೂ ಬರಲ್ಲ. ನಾಲ್ಕು ನಿಮಿಷದಲ್ಲಿ ಬಣ್ಣವೇ ಇಲ್ಲವಾಗುವಾಗ ಐವತ್ತು ವರ್ಷದ ಮುಂದಿನ ಸಂರಕ್ಷಕನ ಅನುಕೂಲ ನೋಡಿ ಏನು ಉಪಯೋಗ?

ಹಳೇಬೇರು:
ಉಪಯೋಗ ಇದೆ. ಅಜಂತಾ ನೋಡಿ. 1920ರಿಂದ 22ರ ತನಕ ನಿಜಾಮ ಸರ್ಕಾರ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರನ್ನು ಕರೆಸಿತು. ಉದುರುತ್ತಿದ್ದ ಗಾರೆಯ ಅಂಚುಗಳನ್ನು ಅವರು ಹಿಡಿದು ನಿಲ್ಲಿಸಿದರು, ಆ ಕೆಲಸ ಒಳ್ಳೆಯದೇ. ಚಿತ್ರದ ಮೇಲೆ ಅರಗಿನ ವಾರ್ನಿಷ್ ಕೂಡ ಬಳಿದರು. ಆಗ ಅದು ಬಿಚ್ಚಬಹುದಾದ ವಸ್ತು ಅಂತಲೇ ಲೆಕ್ಕ, ಸ್ಪಿರಿಟ್ಟಿಗೆ ಕರಗುತ್ತಲ್ಲ. ವರ್ಷ ಕಳೆದ ಹಾಗೆ ಹಳದಿ ತಿರುಗಿ ಕಪ್ಪಾಯಿತು, ಕರಗುವ ಗುಣವೂ ಕಡಿಮೆಯಾಯಿತು. ನೀಲಿ ಹಸಿರಾಗಿ, ಬಿಳಿ ಕಂದಾಗಿ ಕಾಣತೊಡಗಿತು. ಪುರಾತತ್ವ ಇಲಾಖೆಯವರು ದಶಕಗಟ್ಟಲೆ ಅದನ್ನು ಇಂಚಿಂಚಾಗಿ ತೆಗೀತಿದ್ದಾರೆ. ಬಳಿಯೋದು ಒಂದು ದಿನ, ತೆಗೆಯೋದು ಮೂರು ತಲೆಮಾರು. ಆದ್ದರಿಂದ ಬಿಚ್ಚಬಹುದೇ ಅನ್ನೋ ಪ್ರಶ್ನೆ ಬಿಡಬಾರದು.

ನೀಲಿ910:
ನಿಮ್ಮ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತೆ. ಕರಗುತ್ತೆ ಅಂದುಕೊಂಡದ್ದೂ ಹಳೆಯದಾದ ಮೇಲೆ ಕರಗಲಿಲ್ಲ. ಕೇಳಬೇಕಾದ್ದು: ಬಣ್ಣದ ನೋಟ ಬದಲಾಗುತ್ತಾ, ಮುಂದೆ ಇನ್ನೊಂದು ಔಷಧಿ ಹಾಕೋಕೆ ದಾರಿ ಉಳಿಯುತ್ತಾ.

ಲೇಪಶಾಸ್ತ್ರ:
ಆ ಎರಡು ಪ್ರಶ್ನೆಗಳು ಸರಿ. ಆದರೂ ಚೂರುಗಳಿಗೆ ಹೆಮಾ, ದೊಡ್ಡ ಭಾಗಗಳಿಗೆ ಪಿಇಜಿ ಅಂತ ಹಂಚಿಕೊಳ್ಳೋದೇ ಮೇಲು ಅಂತ ನನ್ನ ಅಭಿಪ್ರಾಯ.

ಅರಳೀಕಟ್ಟೆ:
ಬಾದಾಮಿ ಮೂರನೇ ಗುಹೆಯ ಚಿತ್ರಗಳೂ ಹೀಗೇ ಹೋದದ್ದಾ?

ಹಳೇಬೇರು:
ಇಲ್ಲ, ಅಲ್ಲಿ ಲ್ಯಾಕರಿನ ಮಾತೇ ಇಲ್ಲ. 578ರ ಮಂಗಲೇಶನ ಶಾಸನ ಇರುವ ಗುಹೆ ಅದು. ಕಲ್ಲಿನ ಮೇಲೆ ಗಾರೆ, ಗಾರೆಯ ಮೇಲೆ ಬಣ್ಣ. ಎದುರು ಪೂರ್ತಿ ತೆರೆದಿರುವುದರಿಂದ ಗಾಳಿ, ಮಳೆಯ ಎರಚಲು, ಬಾವಲಿ ಎಲ್ಲವೂ ಸೇರಿ ಗಾರೆಯೇ ಬಿದ್ದಿದೆ. ಅದಕ್ಕೆ ಬೇರೆ ಎಳೆ ತೆಗೆದರೆ ಒಳ್ಳೆಯದು.

ಬೆಳ್ಳಿಚುಕ್ಕಿ:
ಬಣ್ಣ ಬೆರೆಸಲು ಏನು ಬಳಸಿದ್ದರು? ಮೊಟ್ಟೆ ಅಂತ ಓದಿದ ನೆನಪು.

ಲೇಪಶಾಸ್ತ್ರ:
ಎರಡು ಉತ್ತರ ಇದೆ. 2008ರ ವಿಶ್ಲೇಷಣೆಯಲ್ಲಿ ಮೊಟ್ಟೆ ಅಂತ ಬಂತು. 2014ರಲ್ಲಿ ಚೀನೀ ತಂಡವೊಂದು ಬೇರೆ ವಿಧಾನದಿಂದ ನೋಡಿ ಪ್ರಾಣಿಜನ್ಯ ಅಂಟು, ಅಂದರೆ ಚರ್ಮ ಮೂಳೆ ಕುದಿಸಿದ ಸರೇಸು ಅಂತ ಹೇಳಿತು. ಎರಡೂ ಪ್ರೋಟೀನೇ. ಎರಡು ಸಾವಿರ ವರ್ಷದಲ್ಲಿ ಬಹುಪಾಲು ಮಣ್ಣಿನ ನೀರಿಗೆ ತೊಳೆದು ಹೋಗಿರುವುದರಿಂದ ಸಿಗುವ ಮಾದರಿ ತೀರ ಕಡಿಮೆ. ಸುತ್ತಲ ಮಣ್ಣಿನ ಸೂಕ್ಷ್ಮಜೀವಿಗಳ ಪ್ರೋಟೀನೂ ಸೇರಿಕೊಳ್ಳುತ್ತೆ. ಕೆಲಸಕ್ಕೆ ಮುಖ್ಯವಾದದ್ದು ಇಷ್ಟು: ಬಣ್ಣದ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಈಗ ಹೆಚ್ಚುಕಮ್ಮಿ ಇಲ್ಲ. ಉದುರದ ಕಡೆಯೂ ಹತ್ತಿಯಿಂದ ಒರೆಸಿದರೆ ಪುಡಿ ಬರುತ್ತೆ.

ತಾಮ್ರಪಟ:
ಲ್ಯಾಕರಿನ ವಿಷಯ ಬಂದದ್ದರಿಂದ ಒಂದು ಸುಳ್ಳನ್ನು ಇಲ್ಲೇ ಮುಗಿಸೋಣ. "ಕ್ವಿನ್ ಕಾಲದವರು ಕತ್ತಿಗಳಿಗೆ ಕ್ರೋಮಿಯಂ ಲೇಪ ಹಾಕಿದ್ದರು, ಯೂರೋಪಿಗೆ ಅದು 20ನೇ ಶತಮಾನದಲ್ಲಿ ಬಂತು" ಅಂತ ವಾರಕ್ಕೊಂದು ವಿಡಿಯೊ ಬರುತ್ತೆ. 2019ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮತ್ತು ಟೆರಾಕೋಟಾ ಸೈನ್ಯದ ಮ್ಯೂಸಿಯಂ ತಂಡ 464 ಕಂಚಿನ ಭಾಗಗಳನ್ನು ಪರೀಕ್ಷಿಸಿತು. ಕ್ರೋಮಿಯಂ ಕಂಡದ್ದು 37ರಲ್ಲಿ ಮಾತ್ರ. ಅದೂ ಹೆಚ್ಚಾಗಿ ಮರದ ಹಿಡಿ, ದಂಡ ಸೇರುವ ಜಾಗದಲ್ಲಿ. ಆ ಮರಕ್ಕೆ ಬಳಿದ ಲ್ಯಾಕರಿನಲ್ಲಿ ಕ್ರೋಮಿಯಂ ಇತ್ತು, ಮರ ಕೊಳೆತ ಮೇಲೆ ಲೋಹಕ್ಕೆ ಅಂಟಿದೆ. ಚೆನ್ನಾಗಿ ಉಳಿದ ಕತ್ತಿಗಳ ಅಲಗಿನಲ್ಲಿ ಕ್ರೋಮಿಯಂ ಇಲ್ಲವೇ ಇಲ್ಲ. ಅವು ಉಳಿದದ್ದು ತವರ ಜಾಸ್ತಿ ಇದ್ದ ಕಂಚು, ಸ್ವಲ್ಪ ಕ್ಷಾರದ ಕಡೆ ಇರುವ ನಯವಾದ ಮಣ್ಣು, ಅದರಲ್ಲಿ ಸಾವಯವ ಅಂಶ ಕಡಿಮೆ ಇದ್ದದ್ದು, ಇವುಗಳಿಂದ.

ಧಾರವಾಡದಾಂವ:
ಆದ್ರ ಆ ಆಯುಧ ಮಾಡಿದ ರೀತಿ ಮಾತ್ರ ನಿಜವಾಗ್ಲೂ ದೊಡ್ಡದು ರೀ. ಅಡ್ಡಬಿಲ್ಲಿನ ಕುದುರಿ ಐದು ತುಂಡಿನಾಗ ಎರಕ ಹೊಯ್ದು ಅರದಿಂದ ಉಜ್ಜಿ ಕೂಡಿಸ್ಯಾರ. ಬಾಣ ನೂರರ ಕಟ್ಟು. ಒಂದೊಂದು ಕಟ್ಟಿನೊಳಗಿನ ಮೊನೆ ಒಂದಕ್ಕೊಂದು ಹೋಲ್ತಾವ, ಬ್ಯಾರೆ ಕಟ್ಟಿಗೆ ಹೋಲಿಸಿದ್ರ ಸಣ್ಣ ಫರಕು ಕಾಣ್ತೈತಿ. ಅಂದ್ರ ಒಂದು ಗುಂಪು ಮೊದಲಿಂದ ಕೊನೀತನಕ ತನ್ನ ಕಟ್ಟು ತಾನ ಮುಗಿಸ್ತಿತ್ತು. ಒಬ್ಬಾಂವ ಬರೇ ಮೊನೆ, ಇನ್ನೊಬ್ಬಾಂವ ಬರೇ ದಂಡ ಅನ್ನೋ ಪದ್ಧತಿ ಅಲ್ಲ.

ಕುಂಬಾರಚಕ್ರ:
ಮಣ್ಣಿನ ಕೆಲಸದ ಬಗ್ಗೆ ಯಾರೂ ಬರೆದಿಲ್ಲ, ನಾನು ಸೇರಿಸ್ತೀನಿ. ಸ್ಥಳೀಯ ಜೇಡಿಗೆ ಮರಳು ಬೆರೆಸಿದ್ದಾರೆ. ಮರಳಿಲ್ಲದೆ ಇಷ್ಟು ದಪ್ಪದ್ದು ಒಣಗುವಾಗಲೇ ಬಿರಿಯುತ್ತೆ. ಕಾಲುಗಳು ಬಹುತೇಕ ಗಟ್ಟಿ, ಮುಂಡ ಟೊಳ್ಳು, ಸುರುಳಿ ಸುತ್ತಿ ಎಬ್ಬಿಸಿದ್ದು. ಕೆಳಗಿನ ಸುರುಳಿ ಮೇಲಿನ ಭಾರ ತಡೆಯುವಷ್ಟು ಬಿಗಿಯಾದ ಮೇಲೆ ಮುಂದಿನದನ್ನು ಇಡಬೇಕು, ತೀರ ಒಣಗಿದರೆ ಬೆಸುಗೆ ಹಿಡಿಯಲ್ಲ. ಒಳಗೋಡೆಯಲ್ಲಿ ಬೆರಳಿನ ಗುರುತುಗಳು ಇವತ್ತೂ ಇವೆ. ತಲೆ ಅಚ್ಚಿನಲ್ಲಿ ಎರಡು ಹೋಳಾಗಿ ಒತ್ತಿ, ಕೂಡಿಸಿ, ಮೂಗು ಕಿವಿ ಮೀಸೆ ಜಡೆ ಎಲ್ಲ ಕೈಯಲ್ಲಿ ತಿದ್ದಿದ್ದು. ಬೇರೆಯಾಗಿ ಸುಟ್ಟು ಕತ್ತಿನ ಕುಳಿಯಲ್ಲಿ ಕೂರಿಸಿದ್ದು. ಸುಟ್ಟ ಬಿಸಿ 900ರಿಂದ 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಗಟ್ಟಿ ಕಾಲಿಗೂ ಟೊಳ್ಳು ಎದೆಗೂ ಬಿಸಿ ಏರುವ ವೇಗ ಬೇರೆ. ಅವಸರ ಮಾಡಿದರೆ ಕಾಲಿನೊಳಗಿನ ತೇವ ಆವಿಯಾಗಿ ಸಿಡಿಯುತ್ತೆ. 150 ಕಿಲೋ ಮೀರುವ ಮೂರ್ತಿಗಳನ್ನು ಸಾವಿರಗಟ್ಟಲೆ ಹೀಗೆ ಸುಟ್ಟಿದ್ದಾರೆ ಅಂದರೆ ಒಲೆಯ ಹತೋಟಿ ಎಂಥದಿರಬೇಕು.
ಲ್ಯಾಕರ್ ಹಚ್ಚಿದ್ದಕ್ಕೂ ಕಾರಣ ಇಲ್ಲೇ ಇದೆ ಅಂತ ನನ್ನ ಲೆಕ್ಕ. ಸುಟ್ಟ ಮಣ್ಣು ನೀರು ಹೀರುತ್ತೆ, ನೇರ ಬಣ್ಣ ಬಳಿದರೆ ಅಂಟೆಲ್ಲ ಒಳಗೆ ಇಳಿದು ಬಣ್ಣ ಪುಡಿಯಾಗುತ್ತೆ. ರಂಧ್ರ ಮುಚ್ಚಲು ಒಂದು ಪದರ ಬೇಕಿತ್ತು.

ಕೆಮ್ಮಣ್ಣು:
ಇದು ಚೆನ್ನಾಗಿದೆ. ಅವರಿಗೆ ಬೇಕಾದ ಗುಣವೇ ನಮಗೆ ತೊಂದರೆ ಆಯ್ತು. ನೇರಳೆ ಬಣ್ಣದ ಬಗ್ಗೆ ಯಾರಾದರೂ ಹೇಳಿ, ಅದು ಕೃತಕ ಬಣ್ಣ ಅಂತಾರಲ್ಲ.

ನೀಲಿ910:
ಹೌದು, ನೆಲದಲ್ಲಿ ಸಿಗುವ ಖನಿಜ ಪುಡಿ ಮಾಡಿದ್ದಲ್ಲ. ಬೇರಿಯಂ ತಾಮ್ರ ಸಿಲಿಕೇಟ್. ಬೇರಿಯಂ ಇರುವ ಖನಿಜ, ತಾಮ್ರದ ಖನಿಜ, ಬಿಳಿಕಲ್ಲಿನ ಪುಡಿ, ಸ್ವಲ್ಪ ಸೀಸದ ಲವಣ, ಇವನ್ನು 900ರಿಂದ 1,000 ಡಿಗ್ರಿಯಲ್ಲಿ ಗಂಟೆಗಟ್ಟಲೆ ಸುಡಬೇಕು. ಬೇರಿಯಂ, ತಾಮ್ರ, ಸಿಲಿಕಾ 1:1:2 ಇದ್ದರೆ ನೇರಳೆ, 1:1:4 ಇದ್ದರೆ ನೀಲಿ. ಸಿಲಿಕಾ ಸಾಕಷ್ಟಿದ್ದು ಹೆಚ್ಚು ಹೊತ್ತು ಬಿಟ್ಟರೆ ನೇರಳೆಯೂ ನೀಲಿಗೆ ತಿರುಗುತ್ತೆ, ಹಾಗಾಗಿ ಒಲೆ ನಿಲ್ಲಿಸುವ ಹೊತ್ತು ಗೊತ್ತಿರಬೇಕು. ಸೀಸ ಬೇರಿಯಂ ಖನಿಜ ಒಡೆಯಲು ನೆರವಾಗುತ್ತೆ, ಜಾಸ್ತಿ ಹಾಕಿದರೆ ಎಲ್ಲ ಗಾಜಾಗುತ್ತೆ. ಅರೆಯುವಾಗಲೂ ಮಿತಿ ಬೇಕು, ತೀರ ನುಣ್ಣಗಾದರೆ ಬಣ್ಣ ಪೇಲವ. ನೇರಳೆ ಆಮ್ಲಕ್ಕೆ ತಡೆಯಲ್ಲ, ಆದ್ದರಿಂದ ತೊಳೆಯಲು ಆಮ್ಲದ ದ್ರಾವಣ ತರಲೇಬಾರದು.
ಮನೆಯ ಒಲೆಯಲ್ಲಿ ಪ್ರಯತ್ನ ಮಾಡಬೇಡಿ. ಬೇರಿಯಂ ಕಾರ್ಬೋನೇಟ್ ವಿಷ, ಸೀಸದ ಹೊಗೆಯೂ ವಿಷ.

ತಾಮ್ರಪಟ:
ಈಜಿಪ್ಟಿನ ನೀಲಿಯನ್ನು ನೋಡಿ ಕಲಿತದ್ದು ಅಂತ ಒಂದು ವಾದ ಇದೆ. ಅದರಲ್ಲಿ ಬೇರಿಯಂ ಜಾಗಕ್ಕೆ ಸುಣ್ಣದ ಕ್ಯಾಲ್ಸಿಯಂ, ಉಳಿದದ್ದು ಒಂದೇ.

ನೀಲಿ910:
ನನಗೆ ಆ ವಾದ ಒಪ್ಪಿಗೆ ಇಲ್ಲ. ಸೂತ್ರ ತಂದಿದ್ದರೆ ಸುಣ್ಣ ಬಿಟ್ಟು ಬೇರಿಯಂ ಹುಡುಕುವ ಅಗತ್ಯ ಏನಿತ್ತು? ಚೀನಾದಲ್ಲಿ ಆ ಕಾಲಕ್ಕೇ ಸೀಸ ಮತ್ತು ಬೇರಿಯಂ ಸೇರಿಸಿ ಜೇಡ್ ಕಲ್ಲಿನ ಹಾಗೆ ಕಾಣುವ ಗಾಜು ಮಾಡುತ್ತಿದ್ದರು. ಅದೇ ಒಲೆಗೆ ತಾಮ್ರ ಬಿದ್ದು ಹುಟ್ಟಿದ ಬಣ್ಣ ಇದು ಎಂಬ 2007ರ ಸ್ಟ್ಯಾನ್‌ಫರ್ಡ್ ತಂಡದ ವಿವರಣೆ ಹೆಚ್ಚು ಹೊಂದುತ್ತೆ.
ಈಜಿಪ್ಟಿನ ನೀಲಿಗೂ ಚೀನಾದ ಈ ಬಣ್ಣಕ್ಕೂ ಇನ್ನೊಂದು ಗುಣ ಇದೆ. ಕಣ್ಣಿಗೆ ಕಾಣುವ ಬೆಳಕು ಹಾಯಿಸಿದರೆ ಕಾಣದ ಅವಕೆಂಪಿನಲ್ಲಿ (ಇನ್‌ಫ್ರಾರೆಡ್) ಹೊಳೆಯುತ್ತವೆ. ಈಜಿಪ್ಟಿನ ನೀಲಿ ಸುಮಾರು 910 ನ್ಯಾನೊಮೀಟರ್‌ನಲ್ಲಿ. ಕಣ್ಣಿಗೆ ಬರಿ ಅಮೃತಶಿಲೆಯಾಗಿ ಕಾಣುವ, ಗ್ರೀಸಿನ ಪಾರ್ಥೆನಾನ್ ದೇಗುಲದ ಐರಿಸ್ ದೇವತೆಯ ಮೂರ್ತಿಯ ಸೊಂಟಪಟ್ಟಿಯಲ್ಲಿ ನೀಲಿ ಪತ್ತೆಯಾದದ್ದು ಹೀಗೇ, ಅವಕೆಂಪಿನ ಫೋಟೊದಲ್ಲಿ.

ಅರಳೀಕಟ್ಟೆ:
ಆ ಫೋಟೊ ನಾವೂ ತೆಗೆಯಬಹುದಾ? ಫೋನಿನಲ್ಲಿ?

ಕರಾವಳಿ_ಕಣ್ಣು:
ಅದಕ್ಕಿಂತ ಮೊದಲು ನನ್ನದೊಂದು. ಇಷ್ಟೆಲ್ಲ ವಿಧಾನ ಇದೆಯಲ್ಲ, ಮತ್ತೆ ಚಕ್ರವರ್ತಿಯ ಗೋರಿಯನ್ನೇ ಯಾಕೆ ತೆರೆಯುವುದಿಲ್ಲ? ಪಾದರಸಕ್ಕೆ ಹೆದರಿಯಾ?

ಧಾರವಾಡದಾಂವ:
ಪಾದರಸ ಐತಿ. ಹಳೇ ಚೀನೀ ಇತಿಹಾಸಕಾರ ಸಿಮಾ ಚಿಯೆನ್ ಪಾದರಸದ ನದಿ ಹರಿಸಿದ್ರು ಅಂತ ಬರದಾನ, 1981-82ರಾಗ ದಿಬ್ಬದ ಮಣ್ಣು ತಪಾಸ ಮಾಡಿದಾಗ ಪಾದರಸ ಜಾಸ್ತಿ ಸಿಕ್ತು. ಆದ್ರ ಅಡ್ಡಿ ಅದಲ್ಲ. ಡಿಂಗ್‌ಲಿಂಗ್ ಗೋರಿ ನೋಡ್ರಿ, ಮಿಂಗ್ ವಂಶದ ವಾನ್‌ಲಿ ಚಕ್ರವರ್ತಿದು. 1956ರಾಗ ಅಗೆಯಾಕ ಸುರು ಮಾಡಿದ್ರು. ಒಳಗ ಥಾನುಗಟ್ಟಲೆ ರೇಷ್ಮಿ. ಹೊರಗ ಬಂದ ಮ್ಯಾಲೆ ಬಣ್ಣ ಹೋತು, ಬಿರುಸಾಗಿ ಮುರೀತು. ಹಿಡಿದಿಡೋ ವಿದ್ಯಾ ಆವಾಗ ಇರಲಿಲ್ಲ. 1966ರಾಗ ಮಾವೋನ ಬೆಂಬಲಿಗ ಹುಡುಗರು, ರೆಡ್ ಗಾರ್ಡ್‌ಗಳು, ರಾಜನ, ರಾಣಿಯರ ಎಲುಬನ್ನ ಹೊರಗ ತಂದು ಸುಟ್ಟರು. ಅದಾದ ಮ್ಯಾಲೆ ಚಕ್ರವರ್ತಿಗಳ ಗೋರಿ ತಾವಾಗೇ ತೆರೆಯೂದು ಬ್ಯಾಡ ಅಂತ ಅಲ್ಲಿ ಧೋರಣಿ ಆತು. ಸರಿ ನಿರ್ಧಾರ.

ಬೆಳ್ಳಿಚುಕ್ಕಿ:
ಅಂದರೆ ಎಂದೂ ತೆರೆಯಬಾರದು ಅಂತಾನಾ? ಅದು ಒಪ್ಪೋಕೆ ಆಗಲ್ಲ. ಸಿಚುವಾನ್‌ನ ಸಾನ್‌ಶಿಂಗ್‌ದುಯ್‌ನಲ್ಲಿ 2020ರಿಂದ ಗುಂಡಿಗಳ ಮೇಲೆ ಗಾಜಿನಂಥ ಕೋಣೆ ಕಟ್ಟಿ, ತೇವಾಂಶ ಹಿಡಿತದಲ್ಲಿಟ್ಟು, ಅಗೆಯುವವರು ಮೈತುಂಬ ರಕ್ಷಣಾ ಉಡುಪು ತೊಟ್ಟು, ಹಲಗೆಯ ಮೇಲೆ ಮಲಗಿ ಅಗೆದರಲ್ಲ. ದಾರಿ ಇದೆ.

ಲೇಪಶಾಸ್ತ್ರ:
ಅಲ್ಲಿನ ಒಂದು ಗುಂಡಿ ಒಂದು ಕೋಣೆಯಷ್ಟು. ಟೆರಾಕೋಟಾದ ಒಂದನೇ ಗುಂಡಿಯೊಂದೇ 230 ಮೀಟರ್ ಉದ್ದ, 62 ಮೀಟರ್ ಅಗಲ. ಆ ವಿಸ್ತಾರಕ್ಕೆ 90 ಶೇಕಡ ತೇವಾಂಶ ಹಿಡಿದಿಟ್ಟರೆ ಮರದ ಗುರುತು, ಮಣ್ಣಿನ ಗೋಡೆ ಎಲ್ಲಕ್ಕೂ ಬೂಷ್ಟು ಹತ್ತುತ್ತೆ. ಬಣ್ಣಕ್ಕೆ ತೇವ ಬೇಕು, ಗುಂಡಿಯ ಉಳಿದೆಲ್ಲಕ್ಕೂ ತೇವ ಶತ್ರು. ಹಾಗಾಗಿ ಉಳಿದಿರೋ ದಾರಿ ಚಿಕ್ಕ ಚಿಕ್ಕ ತುಂಡಾಗಿ ಅಗೆಯೋದು, ಅಥವಾ ಮಣ್ಣಿನ ಗಟ್ಟಿ ಸಮೇತ ಎತ್ತಿ ಪ್ರಯೋಗಾಲಯಕ್ಕೆ ಒಯ್ಯೋದು. ಮೂರ್ತಿಯಿಂದ ಎದ್ದ ಬಣ್ಣ ಎಷ್ಟೋ ಸಲ ಎದುರಿನ ಮಣ್ಣಿಗೆ ಅಂಟಿ ಉಳಿದಿರುತ್ತೆ, ಬಟ್ಟೆಯ ಮಡಿಕೆಯ ಅಚ್ಚು ಸಮೇತ. ಆ ಮಣ್ಣನ್ನು ಬುಟ್ಟಿಗೆ ತುಂಬಿ ಎಸೆದರೆ ಮೂರ್ತಿಯ ಅರ್ಧ ಎಸೆದ ಹಾಗೆ. ಒಂದನೇ ಗುಂಡಿಯಲ್ಲಿ 2009ರಿಂದ ಶುರುವಾದ ಮೂರನೇ ಸುತ್ತಿನ ಅಗೆತ ನಿಧಾನ ಅಂತ ದೂರುವವರು ಇದನ್ನು ಗಮನಿಸಬೇಕು. ಸುಮಾರು 8,000 ಮೂರ್ತಿಗಳ ಅಂದಾಜಿನಲ್ಲಿ ಬಹುಪಾಲು ಇನ್ನೂ ಮಣ್ಣೊಳಗೇ ಇವೆ, ಅವುಗಳ ಬಣ್ಣಕ್ಕೆ ಅದೇ ಕ್ಷೇಮದ ಜಾಗ.

ಕೆಮ್ಮಣ್ಣು:
ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ತು, ಎಲ್ಲರಿಗೂ ಧನ್ಯವಾದ. ಅರಳೀಕಟ್ಟೆ ಅವರ ಫೋಟೊ ಪ್ರಶ್ನೆ ಹಾಗೇ ಉಳೀತು, ನೀಲಿ ಅವರೇ ನೋಡಿ.

ನೀಲಿ910:
ಫೋನಿನಲ್ಲಿ ಆಗಲ್ಲ, ಸೆನ್ಸರ್ ಮುಂದೆ ಅವಕೆಂಪು ತಡೆಯುವ ಗಾಜು ಇರುತ್ತೆ. ಆ ಗಾಜು ತೆಗೆಸಿದ ಹಳೆಯ ಡಿಜಿಟಲ್ ಕ್ಯಾಮೆರಾ ಸಾಕು. ಲೆನ್ಸಿಗೆ 830 ನ್ಯಾನೊಮೀಟರ್‌ಗಿಂತ ಮೇಲಿನದನ್ನು ಮಾತ್ರ ಬಿಡುವ ಫಿಲ್ಟರ್. ಬೆಳಕಿಗೆ ಕೆಂಪು ಎಲ್‌ಇಡಿ. ಹಳೆಯ ಬುರುಡೆ ಬಲ್ಬು, ಹ್ಯಾಲೊಜೆನ್, ಕಿಟಕಿಯ ಬಿಸಿಲು ಯಾವುದೂ ಇರಬಾರದು, ಅವುಗಳಲ್ಲೇ ಅವಕೆಂಪು ಇರೋದರಿಂದ ಎಲ್ಲವೂ ಹೊಳೆದ ಹಾಗೆ ಕಂಡು ಮೋಸ ಆಗುತ್ತೆ. ಅದಕ್ಕೇ ಪಕ್ಕದಲ್ಲಿ ಒಂದು ಬಿಳಿ ಮಾದರಿ ಫಲಕ ಇಡಿ. ಫೋಟೊದಲ್ಲಿ ಆ ಫಲಕ ಕಪ್ಪಾಗಿ ಬಂದು ನೀಲಿಯ ಕಣ ಮಾತ್ರ ಬೆಳ್ಳಗೆ ಕಂಡರೆ ಫಲಿತಾಂಶ ಸರಿ. ಫಲಕವೂ ಬೂದಿಯಾಗಿ ಕಂಡರೆ ಎಲ್ಲೋ ಬೆಳಕು ಸೋರ್ತಿದೆ. ಅವಕೆಂಪಿಗೆ ಫೋಕಸ್ ಬೇರೆ ಜಾಗದಲ್ಲಿ ಬೀಳುತ್ತೆ, ಆದ್ದರಿಂದ ಫಿಲ್ಟರ್ ಹಾಕಿದ ಮೇಲೆ ಪರದೆಯಲ್ಲಿ ನೋಡಿ ಕೈಯಲ್ಲೇ ಹೊಂದಿಸಿ. ಎಕ್ಸ್‌ಪೋಷರ್ ಕೆಲವು ಸೆಕೆಂಡು, ಟ್ರೈಪಾಡ್ ಕಡ್ಡಾಯ. ಮ್ಯೂಸಿಯಂ ಒಳಗೆ ಅನುಮತಿ ಇಲ್ಲದೆ ಮಾಡಬೇಡಿ.

ಅರಳೀಕಟ್ಟೆ:
ಬಿಳಿ ಫಲಕಕ್ಕೆ ಸಾಮಾನ್ಯ ಕಾಗದ ನಡೆಯುತ್ತಾ?

ನೀಲಿ910:
ಬೆಳಕು ಸೋರ್ತಿದೆಯಾ ಅಂತ ನೋಡೋಕಷ್ಟೇ ಆದರೆ ನಡೆಯುತ್ತೆ. ಎರಡು ಫೋಟೊಗಳ ಹೊಳಪನ್ನು ಅಳೆದು ಹೋಲಿಸಬೇಕಾದರೆ 99 ಶೇಕಡ ಪ್ರತಿಫಲಿಸುವ ಅಳತೆಯ ಫಲಕವೇ ಬೇಕು.